ಬೀಗ ಹಾಕಿದ ಮನೆಗೂ ಒಂದು ಕಾಲಂ ಬೇಕು

2024ರ ಮಳೆಗಾಲ ನೆನಪಿದೆಯಲ್ವಾ? ರಾಜ್ಯದಲ್ಲಿ ಡೆಂಗಿ ಜಾಸ್ತಿಯಾಗಿ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿದ ವರ್ಷ ಅದು. ಸೊಳ್ಳೆ ಬೆಳೆಯೋಕೆ ಬಿಟ್ಟರೆ ದಂಡ ಅಂತಲೂ ಆಯ್ತು, ಹಳ್ಳಿ ಮನೆಗೆ 200 ರೂಪಾಯಿ, ಪಟ್ಟಣದ ಮನೆಗೆ 400. ನಾನು ಹಳ್ಳಿ ಕಡೆಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆರೋಗ್ಯ ನಿರೀಕ್ಷಣಾಧಿಕಾರಿ. ಆಗ ಒಂದು ಊರಿನ ಲಾರ್ವಾ (ಸೊಳ್ಳೆಯ ಮರಿಹುಳು) ಸಮೀಕ್ಷೆಯ ರಿಜಿಸ್ಟರ್ ತಿರುವಿದರೆ ಪುಟದ ಮೇಲಿಂದ ಕೆಳಗಿನ ತನಕ ಹೆಚ್ಚೂಕಡಿಮೆ 'ಇಲ್ಲ' ಅಂತಲೇ ಇತ್ತು. ಜ್ವರದವರು ಮಾತ್ರ ಅದೇ ಊರಿಂದ ಬರ್ತಾನೇ ಇದ್ದರು.

ಮರುದಿನ ಆಶಾ ಕಾರ್ಯಕರ್ತೆಯ ಜೊತೆ ನಾನೂ ಹೊರಟೆ. ಕೂಲಿಗೆ, ಹೊಲಕ್ಕೆ ಹೋಗೋ ಹೊತ್ತು, ಮೊದಲ ಬೀದಿಯಲ್ಲೇ ಸಾಲಾಗಿ ಬೀಗ.

"ಬೀಗ ಇದ್ರೆ ಏನು ಬರೀತೀರಾ ಅಕ್ಕ?"

"ಇರೋದು ಎರಡೇ ಕಾಲಂ ಸರ್, ಲಾರ್ವಾ ಇದೆ, ಇಲ್ಲ. ಖಾಲಿ ಬಿಟ್ರೆ ಯಾಕೆ ಬಿಟ್ರಿ ಅಂತ ಕೇಳ್ತಾರೆ. ಇಲ್ಲ ಅಂತ ಹಾಕ್ತೀವಿ."

ಅವರನ್ನು ಬೈದು ಏನು ಪ್ರಯೋಜನ? ಫಾರಂ ಅವರಿಗೆ ಬೇರೆ ದಾರಿಯನ್ನೇ ಇಟ್ಟಿರಲಿಲ್ಲ. ಇದರಿಂದ ಲೆಕ್ಕ ಹೇಗೆ ಕೆಡುತ್ತೆ ನೋಡಿ. 50 ಮನೆಗೆ ಹೋದೆವು, 14ಕ್ಕೆ ಬೀಗ, 4ರಲ್ಲಿ ಲಾರ್ವಾ ಸಿಕ್ಕಿತು ಅಂತಿಟ್ಟುಕೊಳ್ಳಿ. ಐವತ್ತನ್ನೂ ನೋಡಿದ್ದೇವೆ ಅಂತ ಬರೆದರೆ ಹೌಸ್ ಇಂಡೆಕ್ಸ್, ಅಂದರೆ ನೂರು ಮನೆಗೆ ಎಷ್ಟರಲ್ಲಿ ಲಾರ್ವಾ ಅನ್ನೋ ಲೆಕ್ಕ, 8. ನಿಜವಾಗಿ ಒಳಗೆ ಹೋಗಿ ನೋಡಿದ 36 ಮನೆಗೆ ಲೆಕ್ಕ ಹಾಕಿದರೆ 11. ಹತ್ತು ದಾಟಿದರೆ ಅಪಾಯ ಜಾಸ್ತಿ ಅಂತ ನಾವು ಓಡಾಡೋದು, ಹಾಗಾಗಿ ನಿಜಕ್ಕೂ ಓಡಬೇಕಾದ ಊರು ಕಾಗದದ ಮೇಲೆ ಆರಾಮಾಗಿ ಕೂತಿರುತ್ತೆ.

ಬಾಗಿಲು ತೆರೆದಿದ್ದ ಒಂದು ಮನೆಯ ಹಿತ್ತಲಲ್ಲಿ ನೀಲಿ ಡ್ರಮ್ ಇತ್ತು. ಹಿಂದಿನ ವಾರದ ಪುಟದಲ್ಲಿ ಅದರ ಮುಂದೆ 'ನೀರು ಚೆಲ್ಲಿಸಲಾಗಿದೆ' ಅಂತ ಬರೆದಿತ್ತು, ಅದು ಸುಳ್ಳೂ ಅಲ್ಲ. ಆದರೆ ಬ್ಯಾಟರಿ ಬಿಟ್ಟು ನೋಡಿದರೆ ಹುಳುಗಳು ಕುಣೀತಾ ಇವೆ. ಮನೆಯ ಅಜ್ಜಿಗೆ ಬೇಜಾರು. "ಅವತ್ತೇ ಬಗ್ಗಿಸಿದ್ವಲ್ಲಪ್ಪ, ನೀವೇ ಬರ್ಕೊಂಡು ಹೋದ್ರಿ." ಡೆಂಗಿ ಹರಡೋ ಈಡಿಸ್ ಸೊಳ್ಳೆ ಮೊಟ್ಟೆ ಇಡೋದು ನೀರಿನ ಮಟ್ಟಕ್ಕೆ ಸ್ವಲ್ಪ ಮೇಲೆ, ಪಾತ್ರೆಯ ಗೋಡೆಗೆ ಅಂಟಿಸಿ. ನೀರು ಚೆಲ್ಲಿದರೂ ಅವು ತಿಂಗಳುಗಟ್ಟಲೆ ಒಣಗಿಕೊಂಡೇ ಬದುಕಿರುತ್ತವೆ, ಮತ್ತೆ ನೀರು ತುಂಬಿದ ಕೂಡಲೇ ಮರಿಯಾಗುತ್ತವೆ, ಎಂಟು-ಹತ್ತು ದಿನದಲ್ಲಿ ಸೊಳ್ಳೆ ಹಾರುತ್ತೆ. ತೆಂಗಿನ ನಾರಿನಿಂದ ಒಳಗೋಡೆ ಗಸಗಸ ಉಜ್ಜಬೇಕು. ಅಜ್ಜಿಯ ಮೊಮ್ಮಗ ಅಲ್ಲೇ ಉಜ್ಜಿದ, ನಾರಿಗೆ ಕಪ್ಪು ಲೋಳೆ ಮೆತ್ತಿಕೊಂಡು ಬಂತು. ನಮ್ಮ ರಿಜಿಸ್ಟರ್‌ನಲ್ಲಿ ಉಜ್ಜಿದರೋ ಇಲ್ಲವೋ ಅಂತ ಬರೆಯೋಕೆ ಜಾಗವೇ ಇರಲಿಲ್ಲ!

ಅವತ್ತೇ ಸ್ಕೇಲ್ ಹಿಡಿದು ಎರಡು ಗೆರೆ ಎಳೆದೆವು. ಒಂದು ಕಾಲಂ 'ಬೀಗ', ಇನ್ನೊಂದು 'ಉಜ್ಜಿಸಿದ್ದು, ಮರುಭೇಟಿ ದಿನಾಂಕ'. ಬೀಗದ ಮನೆಗಳಿಗೆ ಸಂಜೆ ದೀಪ ಹಚ್ಚೋ ಹೊತ್ತಿಗೆ ಹೋಗೋದು ಅಂತ ಮಾಡಿಕೊಂಡೆವು. ಆಶಾ ಅಕ್ಕನಿಗೆ ಇದು ಹೆಚ್ಚಿನ ಕೆಲಸ, ಅದಕ್ಕೆ ಸಂಜೆಯ ಸುತ್ತಿಗೆ ನಾನೇ ಜಾಸ್ತಿ ಹೋದೆ.

ಮುಂದಿನ ತಿಂಗಳ ಸಭೆಯಲ್ಲಿ ನಮ್ಮ ಅಂಕಿ ಏರಿತ್ತು. ನಿಮ್ಮಲ್ಲಿ ಯಾಕೆ ಸೊಳ್ಳೆ ಜಾಸ್ತಿಯಾಯ್ತು ಅಂತ ಪ್ರಶ್ನೆ ಬಂತು. ಸೊಳ್ಳೆ ಜಾಸ್ತಿಯಾಗಿಲ್ಲ, ನೋಡಿದ ಮನೆ ಜಾಸ್ತಿಯಾಗಿದೆ ಅಂತ ರಿಜಿಸ್ಟರ್ ತೆರೆದು ತೋರಿಸಿದೆ. ಅಂಕಿ ಏರಿದ್ದಕ್ಕೆ ಬೈಗುಳ ಸಿಗುವ ಕಡೆ ಯಾರು ತಾನೇ ನಿಜ ಬರೀತಾರೆ ಹೇಳಿ? ಅಚ್ಚಾಗಿ ಬರೋ ಫಾರಂನಲ್ಲೇ ಈ ಎರಡು ಕಾಲಂ ಇರಲಿ ಅಂತ ಮೇಲಿನ ಕಚೇರಿಗೆ ಪತ್ರ ಕೊಟ್ಟಿದ್ದೇನೆ. ಅಲ್ಲಿಯ ತನಕ ಹೊಸ ರಿಜಿಸ್ಟರ್ ಬಂದಾಗಲೆಲ್ಲ ನಾವೇ ಗೆರೆ ಎಳೆದುಕೊಳ್ಳುತ್ತೇವೆ.