ಬೆಂಗಳೂರಿನ ನೀರಿನ ಮಾತು, ಶರಾವತಿಯ ದಡದಲ್ಲಿ

ಬೆಂಗಳೂರಿನ ಬಡಾವಣೆಗಳ ನಿವಾಸಿಗಳೊಡನೆ ನೀರು, ಕೆರೆ ಮತ್ತು ಕಸದ ಕುರಿತು ನಡೆಸಿದ ದೀರ್ಘ ಸಂದರ್ಶನಗಳನ್ನು ಇತ್ತೀಚೆಗೆ ಶಿವಮೊಗ್ಗದಲ್ಲಿ ಕುಳಿತು ಕೇಳುತ್ತಿದ್ದೇನೆ. 2024ರ ಬೇಸಿಗೆಯಲ್ಲಿ ಅಲ್ಲಿನ ಕೊಳವೆಬಾವಿಗಳು ಬತ್ತಿದ ಸಂಗತಿ ನಮಗೆಲ್ಲ ಸುದ್ದಿಯಾಗಿ ತಿಳಿದಿತ್ತು. ಆದರೆ ಟ್ಯಾಂಕರ್ ಬರುವ ಹೊತ್ತಿಗೆ ಮನೆಯಲ್ಲಿರಬೇಕೋ ಕೂಲಿಗೆ ಹೋಗಬೇಕೋ ಎಂಬ ಸಂಕಟವನ್ನು ಒಬ್ಬ ತಾಯಿ ಯಾರೂ ನಡುವೆ ಬಾಯಿ ಹಾಕದಂತೆ ಹೇಳಿಕೊಂಡಾಗ ಮಾತ್ರ ಆ ಬರ ಎಂಥದೆಂದು ನನಗೆ ಅರ್ಥವಾಯಿತು.

2019ರಲ್ಲಿ ಶರಾವತಿ ನದಿಯ ಲಿಂಗನಮಕ್ಕಿ ಅಣೆಕಟ್ಟಿನ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾಪ ಬಂದಾಗ ನಮ್ಮ ಜಿಲ್ಲೆ ಅದನ್ನು ಬಲವಾಗಿ ವಿರೋಧಿಸಿತು. ಆ ವಿರೋಧ ನ್ಯಾಯವಾದದ್ದೆಂದು ಇಂದಿಗೂ ನಂಬಿದ್ದೇನೆ. ನಾಡಿಗೆ ಬೆಳಕು ಕೊಡಲೆಂದು 1960ರ ದಶಕದಲ್ಲಿ ಆ ಅಣೆಕಟ್ಟು ಎದ್ದಾಗ ಮನೆ, ಗದ್ದೆ, ತೋಟಗಳನ್ನು ನೀರಿಗೆ ಬಿಟ್ಟು ಬಂದವರ ಮಕ್ಕಳು, ಮೊಮ್ಮಕ್ಕಳು ತಾವು ಉಳುವ ಭೂಮಿಯ ಹಕ್ಕಿಗಾಗಿ ಈಗಲೂ ಹೋರಾಡುತ್ತಿದ್ದಾರೆ. ಅವರ ಅಹವಾಲು ಪತ್ರಿಕೆಗಳಲ್ಲಿ ಪ್ರತಿಭಟನೆಯ ಚಿತ್ರವಾಗಿ, ಮನವಿ ಸಲ್ಲಿಕೆಯ ನಾಲ್ಕು ಸಾಲಾಗಿ ಬರುತ್ತದೆ. ಮುಳುಗಿದ ಊರಿನ ದಾರಿ, ದೇವಸ್ಥಾನ, ಹೊಸ ಜಾಗದ ಮೊದಲ ಮಳೆಗಾಲ, ಇವುಗಳನ್ನು ಸಮಾಧಾನದಿಂದ ಕೇಳಿ ದಾಖಲಿಸಿದ್ದು ತೀರ ಕಡಿಮೆ.

ಆ ದಿನಗಳನ್ನು ಕಣ್ಣಾರೆ ಕಂಡವರಿಗೆ ಈಗ ಎಪ್ಪತ್ತು ದಾಟಿದೆ. ಅಂಥ ಹಿರಿಯರ ಮಾತನ್ನು ಪೂರ್ತಿಯಾಗಿ ಧ್ವನಿಮುದ್ರಿಸಿಕೊಳ್ಳಬೇಕೆಂದಿದ್ದೇನೆ. ಸಾಗರ, ಹೊಸನಗರ, ಶಿವಮೊಗ್ಗ ತಾಲ್ಲೂಕುಗಳಲ್ಲಿ ನಿಮ್ಮ ಮನೆಯ ಅಜ್ಜ, ಅಜ್ಜಿಯರು ಒಪ್ಪುವುದಾದರೆ ದಯವಿಟ್ಟು ತಿಳಿಸಿ. ಅವರ ಬಿಡುವು ನೋಡಿಕೊಂಡು ನಾನೇ ಬರುತ್ತೇನೆ.