‘ಗಂಡಸರಿಗೆ ಯಾಕ ಬರಲಿಲ್ರಿ ಮೇಡಂ?’

ಡಿಗ್ರಿ ಮಕ್ಕಳಿಗೆ ಮಾನವಶಾಸ್ತ್ರ ಪಾಠ ಮಾಡೋದು ನನ್ನ ಕೆಲಸ. ಕೆಲಸಕ್ಕೆ ಸೇರಿದ ಮೊದಲ ವರ್ಷ ‘ಕುರು’ ಅನ್ನೋ ಮಿದುಳಿನ ಕಾಯಿಲೆಯ ಪಾಠವನ್ನು ನಾನು ತಪ್ಪಾಗಿ ಶುರು ಮಾಡಿದ್ದೆ. ‘ಪಪುವಾ ನ್ಯೂಗಿನಿಯ ಬೆಟ್ಟಗಳಲ್ಲಿ ಫೋರೆ ಅನ್ನೋ ಜನ ಇದ್ದಾರೆ. ಸತ್ತವರನ್ನು ತಿಂದು ಅವರಿಗೆ ಮಿದುಳಿನ ಕಾಯಿಲೆ ಬಂತು’ ಅಂದೆ. ಇಡೀ ಕ್ಲಾಸು ‘ಛೀ’ ಅಂತು. ಆಮೇಲೆ ನಾನು ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ.

ಹಾವೇರಿ ಕಡೆಯ ಹುಡುಗನೊಬ್ಬ ಮಾತ್ರ ಎದ್ದು ನಿಂತ. ‘ಹೆಣ್ಮಕ್ಕಳೇ ಜಾಸ್ತಿ ಸತ್ತರು ಅಂದ್ರಿ. ಗಂಡಸರಿಗೆ ಯಾಕ ಬರಲಿಲ್ರಿ ಮೇಡಂ?’ ಬೆಲ್ ಹೊಡೀತು. ‘ನಾಳೆ ಹೇಳ್ತೀನಿ’ ಅಂದೆ. ಅಸಲಿಗೆ ಪಾಠ ಶುರುವಾಗಬೇಕಿದ್ದಿದ್ದೇ ಆ ಪ್ರಶ್ನೆಯಿಂದ.

ಈಗ ಬೋರ್ಡಿನ ಮೇಲೆ ಮೊದಲು ಒಂದು ಮನೆಯ ವಂಶವೃಕ್ಷ ಬರೆಯುತ್ತೇನೆ. ತ್ರಿಕೋನ ಅಂದ್ರೆ ಗಂಡು, ವೃತ್ತ ಅಂದ್ರೆ ಹೆಣ್ಣು, ಅಡ್ಡಗೆರೆ ಎಳೆದರೆ ತೀರಿಕೊಂಡವರು. ಏನೂ ಹೇಳದೆ ಒಂದೊಂದೇ ವೃತ್ತದ ಮೇಲೆ ಗೆರೆ ಎಳೆಯುತ್ತಾ ಹೋಗುತ್ತೇನೆ. ತಾಯಿ, ಚಿಕ್ಕಮ್ಮ, ಸೊಸೆ, ಜೊತೆಗೆ ಒಬ್ಬ ಚಿಕ್ಕ ಹುಡುಗ. ನಾಲ್ಕನೇ ಗೆರೆಗೆ ಕ್ಲಾಸು ತಾನಾಗೇ ಸುಮ್ಮನಾಗುತ್ತದೆ.

ಮಾನವಶಾಸ್ತ್ರಜ್ಞರಾದ ಶೆರ್ಲಿ ಲಿಂಡೆನ್‌ಬಾಮ್ ಮತ್ತು ರಾಬರ್ಟ್ ಗ್ಲಾಸ್ 1960ರ ದಶಕದ ಮೊದಲಲ್ಲಿ ಫೋರೆ ಹಟ್ಟಿಗಳಲ್ಲಿ ಕೂತು ಮಾಡಿದ್ದೂ ಇದನ್ನೇ. ಕಾಯಿಲೆ ಮನೆಮನೆಯಲ್ಲೇ ಸುತ್ತುತ್ತಿದೆ, ವಂಶದ ರಕ್ತದಲ್ಲೇ ಬಂದಿರಬೇಕು ಅನ್ನೋ ಅನುಮಾನ ಆಗ ವೈದ್ಯರಿಗಿತ್ತು. ಇವರು ಯಾರು ಯಾರಿಗೆ ಏನಾಗಬೇಕು, ಯಾರು ಯಾವಾಗ ಹೋದರು ಅಂತ ಕೇಳಿ ಬರೆದುಕೊಂಡರು. ತಮ್ಮ ಊರಿಗೆ ಕುರು ಮೊದಲು ಬಂದಿದ್ದು ಯಾವಾಗ ಅನ್ನೋದು ಹಿರಿಯರಿಗೆ ನೆನಪಿತ್ತು. ರಕ್ತದಲ್ಲೇ ಇದ್ದ ಕಾಯಿಲೆ ಹಾಗೆ ಹೊಸದಾಗಿ ಬರೋದಿಲ್ಲ ಅಲ್ವಾ?

ಸತ್ತವರನ್ನು ಮಣ್ಣಿಗಿಟ್ಟರೆ ಹುಳ ತಿನ್ನುತ್ತವೆ, ಅದಕ್ಕಿಂತ ಪ್ರೀತಿಸಿದವರ ಹೊಟ್ಟೆ ಸೇರಲಿ ಅನ್ನೋದು ಅವರ ನಂಬಿಕೆ. ಆ ಕೆಲಸ ಮಾಡುತ್ತಿದ್ದವರು ಹೆಂಗಸರು. ಮಿದುಳೂ ಅವರ ಪಾಲಿಗೆ ಬರುತ್ತಿತ್ತು. ತಾಯಿಯ ಜೊತೆಗಿದ್ದ ಚಿಕ್ಕ ಮಕ್ಕಳಿಗೂ ಸಿಗುತ್ತಿತ್ತು. ಗಂಡುಮಕ್ಕಳು ಸ್ವಲ್ಪ ದೊಡ್ಡವರಾದ ಮೇಲೆ ಗಂಡಸರ ಮನೆಗೆ ಹೋಗುತ್ತಿದ್ದರು. ಗಂಡಸರು ತಿನ್ನುತ್ತಿದ್ದದ್ದು ಅಪರೂಪ. ಹಾವೇರಿ ಹುಡುಗನ ಪ್ರಶ್ನೆಗೆ ಉತ್ತರ ಇಷ್ಟೇ. ಆದರೆ ಇದರ ಹಿಂದೆ ಎಷ್ಟು ದುಃಖ ಇದೆ ನೋಡಿ. ಹೆಣ್ಣುಮಕ್ಕಳೇ ತೀರಾ ಕಡಿಮೆಯಾದ ಹಟ್ಟಿಗಳಲ್ಲಿ ತಂದೆಯರೇ ಮಕ್ಕಳನ್ನು ಸಾಕಬೇಕಾಯಿತು.

ಲ್ಯಾಬಿನ ಕಥೆ ಇಷ್ಟು ಹೊತ್ತಾದ ಮೇಲೆ ಬರುತ್ತದೆ, ಅದನ್ನು ಬೇಗ ಮುಗಿಸುತ್ತೇನೆ. ಕುರು ಚಿಂಪಾಂಜಿಗೂ ಹರಡುತ್ತದೆ ಅಂತ ತೋರಿಸಿದ ವಿಜ್ಞಾನಿ ಗೈಡುಸೆಕ್‌ಗೆ 1976ರಲ್ಲಿ ನೊಬೆಲ್ ಬಂತು. ಇಂಥ ಕಾಯಿಲೆ ಹರಡುವ ಪ್ರೋಟೀನಿಗೆ ಪ್ರಿಯಾನ್ ಅನ್ನೋ ಹೆಸರನ್ನು ಪ್ರೂಸಿನರ್ ಅನ್ನೋ ಇನ್ನೊಬ್ಬ ವಿಜ್ಞಾನಿ ಕೊಟ್ಟದ್ದು 1982ರಲ್ಲಿ.

ಹಂಪಿ ಹತ್ತಿರದ ನಿಂಬಾಪುರಕ್ಕೆ ಮಕ್ಕಳನ್ನು ಕರೆದೊಯ್ದಾಗಲೂ ಈಗ ಹೀಗೇ ಮಾಡುತ್ತೇನೆ. ಅಲ್ಲಿನ ಬೂದಿದಿಬ್ಬವನ್ನು ವಾಲಿಯನ್ನು ಸುಟ್ಟ ಜಾಗ ಅಂತ ಊರವರು ಹೇಳುತ್ತಾರೆ. ಇಂಥ ದಿಬ್ಬಗಳು ನವಶಿಲಾಯುಗದ ದನಗಾಹಿಗಳು ಸುಟ್ಟ ಸಗಣಿಯ ರಾಶಿ, ಸುಮಾರು 4,000 ವರ್ಷ ಹಳೆಯವು. ಮೊದಲು ಊರವರ ಮಾತು ಕೇಳಿಸುತ್ತೇನೆ, ಸಗಣಿಯ ಮಾತು ಆಮೇಲೆ. ಅದು ಬೂದಿ ಅನ್ನೋದು ಊರಿಗೆ ಯಾವತ್ತೋ ಗೊತ್ತಿತ್ತು.

ಕುರು ಪಾಠ ಮುಗಿದ ಮೇಲೆ ಎಲ್ಲರಿಗೂ ಅವರವರ ಮನೆಯ ವಂಶವೃಕ್ಷ ಬರೆದು ತರಲು ಹೇಳುತ್ತೇನೆ. ಈ ಸಲ ಒಬ್ಬ ಹುಡುಗಿಯ ಹಾಳೆಯಲ್ಲಿ ಅಜ್ಜಿಯ ಪಕ್ಕದ ಒಂದು ವೃತ್ತಕ್ಕೆ ಗೆರೆ ಇತ್ತು, ಹೆಸರಿರಲಿಲ್ಲ. ‘ಯಾರಮ್ಮಾ ಇವರು?’ ಅಂದೆ. ‘ಅಜ್ಜಿಯ ಅಕ್ಕ ಅಂತಷ್ಟೇ ಗೊತ್ರೀ’ ಅಂದಳು. ಸೋಮವಾರ ಊರಿಂದ ಬಂದವಳೇ ಸೀದಾ ಸ್ಟಾಫ್ ರೂಮಿಗೆ ಬಂದಳು. ವೃತ್ತದ ಕೆಳಗೆ ಪೆನ್ಸಿಲ್‌ನಲ್ಲಿ ಬರೆದಿದ್ದಳು: ಗಂಗವ್ವ, ಚೊಚ್ಚಲ ಹೆರಿಗೆಯಲ್ಲಿ.