ಬೊಂಡದಂಗಡಿಯ ಟೊಪ್ಪಿ

2025 ನವೆಂಬರ್ 9, ಭಾನುವಾರ

ಬೆಳಗ್ಗೆ ಅಕ್ಕನ ಮಗನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಉಪ್ಪಳದಿಂದ ಮಧೂರಿಗೆ ಹೊರಟೆ. ಅವನಿಗೆ ಹತ್ತು ವರ್ಷ. ಕುಂಬಳೆ ಕಳೆದು ಸರ್ವಿಸ್ ರೋಡಿನಲ್ಲಿ ಹೋಗ್ತಾ ಇರುವಾಗ ಹಿಂದಿನಿಂದ ಕೇಳಿದ, "ಮಾವ, ಬೊಂಡ ಎಲ್ಲಿ?"

ಬಾಯಾರಿಕೆ ಅಂದುಕೊಂಡು ಗಾಡಿ ನಿಲ್ಲಿಸಿದೆ. ಕುಡಿಯುವ ಬೊಂಡ, ಅಂದರೆ ಎಳನೀರು, ಅಲ್ಲವಂತೆ, ದೊಡ್ಡ ಬೊಂಡವಂತೆ.

ಮೊಗ್ರಾಲಿನ ಹತ್ತಿರ ರಸ್ತೆ ಬದಿಯಲ್ಲಿ ಎಳನೀರಿನ ಆಕಾರದ್ದೇ ಒಂದು ಅಂಗಡಿ ಇತ್ತು. ಅಂಗಡಿಯವರು, ನಾವು ಕಾಕ ಅಂತ ಕರೆಯುವವರು, ತಾವೇ ಕಟ್ಟಿದ್ದು. ಕಬ್ಬಿಣದ ಸರಳು ಬಗ್ಗಿಸಿ, ಕೋಳಿಗೂಡಿಗೆ ಹಾಕುವ ಬಲೆ ಸುತ್ತಿ, ಮೇಲೆ ಸಿಮೆಂಟ್ ಮೆತ್ತಿ, ಹಸಿರು ಬಣ್ಣ ಬಳಿದಿದ್ದರು. ಕತ್ತಿಯಲ್ಲಿ ಕೆತ್ತಿದ ಬೊಂಡದ ತುದಿ ಹೇಗಿರುತ್ತದೋ ಹಾಗೇ ಮೇಲ್ಗಡೆ ಬಿಳಿ. ಒಳಗೆ ಒಬ್ಬರು ನಿಲ್ಲಬಹುದು, ಅಷ್ಟೇ. ಬಸ್ಸಿನವರೂ ಆ ಸ್ಟಾಪಿಗೆ "ಬೊಂಡ" ಅಂತಲೇ ಕೂಗುತ್ತಿದ್ದರು. ಮದುವೆ ಕಾಗದದಲ್ಲಿ ವಿಳಾಸ ಏನೇ ಇರಲಿ, ಬಾಯಲ್ಲಿ ಹೇಳುವಾಗ "ಬೊಂಡ ಕಳೆದು ಮೂರನೇ ಗೇಟು" ಎಂದರೆ ಸಾಕು, ಮಂಗಳೂರಿನಿಂದ ಬಂದವರೂ ಸೀದಾ ಮನೆಗೆ ಬರುತ್ತಿದ್ದರು. ನಾಲ್ಕು ವರ್ಷ ಹಿಂದೆ ಹೈವೇ ಅಗಲ ಮಾಡುವಾಗ ಅದು ಹೋಯಿತು. ಈಗ ಅಲ್ಲಿ ಆರು ಲೇನು, ಎರಡೂ ಕಡೆ ಕಾಂಕ್ರೀಟ್ ಗೋಡೆ. ರಸ್ತೆ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಲ್ಲಿ ಇಳಿಯಬೇಕು ಅಂತ ಹುಟ್ಟಿದ ಊರಲ್ಲೇ ಗೊತ್ತಾಗುವುದಿಲ್ಲ, ಅಲ್ವಾ?

ಮಧೂರಿನಲ್ಲಿ ಕೈಮುಗಿದು ಹೊರಗೆ ಬಂದ ಮೇಲೆ ಹುಡುಗನನ್ನು ದೇವಸ್ಥಾನದ ಹಿಂಬದಿಗೆ ಕರೆದುಕೊಂಡು ಹೋದೆ. ಇದು ಗಜಪೃಷ್ಠ ಶೈಲಿ, ಅಂದರೆ ಆನೆಯ ಬೆನ್ನು. ಮೂರು ಅಂತಸ್ತಿನ ಮಾಡು, ಹಿಂದಿನಿಂದ ನೋಡಿದರೆ ಗುಂಡಗೆ ಇಳಿದು ಬರುತ್ತದೆ, ದೊಡ್ಡ ಆನೆಯೊಂದು ನಮಗೆ ಬೆನ್ನು ಹಾಕಿ ಮಲಗಿದ ಹಾಗೆ. ಅವನು ಸುಮಾರು ಹೊತ್ತು ನೋಡಿ "ಬಾಲ ಮಾತ್ರ ಇಲ್ಲ" ಎಂದ. ಕಟ್ಟಡಕ್ಕೆ ಪ್ರಾಣಿಯ ಆಕಾರ ಕೊಡುವುದು ಮಕ್ಕಳಾಟ ಅಂತ ಹೇಳುವವರು ಒಮ್ಮೆ ಇಲ್ಲಿ ಬಂದು ನಿಂತು ನೋಡಬೇಕು.

ಹೈದರಾಬಾದಿನ ಮೀನಿನ ಕಟ್ಟಡದ ಕಥೆಯನ್ನೂ ಅಲ್ಲೇ ಹೇಳಿದೆ. ರಾಷ್ಟ್ರೀಯ ಮೀನುಗಾರಿಕೆ ಅಭಿವೃದ್ಧಿ ಮಂಡಳಿಯ ಆಫೀಸು ಅದು, 2012ರಲ್ಲಿ ಆದದ್ದು, ಇಡೀ ಕಟ್ಟಡವೇ ಮೀನು. ಏರ್‌ಪೋರ್ಟಿಗೆ ಹೋಗುವ ಮೇಲ್ಸೇತುವೆಯ ಪಕ್ಕದಲ್ಲೇ ಕಾಣುತ್ತದೆ. ಏನು ಕೆಲಸದ ಆಫೀಸು ಅಂತ ಯಾರೂ ಯಾರನ್ನೂ ಕೇಳಬೇಕಾಗಿಲ್ಲ.

ವಾಪಸ್ ಬರುವಾಗ ಕಾಕನ ಮನೆಗೆ ಹೋದೆವು. ಅಂಗಳದ ಮೂಲೆಯಲ್ಲಿ, ತೆಂಗಿನ ಬುಡದಲ್ಲಿ, ಬೊಂಡದ ಮೇಲಿನ ಅರ್ಧ ಕವುಚಿ ಬಿದ್ದಿದೆ! ಕೆಳಗಿನ ಅರ್ಧ ಒಡೆದು ಹೋಯಿತು, ಟೊಪ್ಪಿಯನ್ನು ಮಾತ್ರ ಆರು ಜನ ಸೇರಿ ಪಿಕಪ್ಪಿಗೆ ಹತ್ತಿಸಿ ತಂದರಂತೆ. ಈಗ ಅದರೊಳಗೆ ಕೋಳಿಗಳಿವೆ. ಬಣ್ಣ ಪಾಚಿಗಟ್ಟಿದೆ, ಒಂದು ಕಡೆ ಸಿಮೆಂಟ್ ಉದುರಿ ತುಕ್ಕು ಹಿಡಿದ ಬಲೆ ಕಾಣುತ್ತದೆ. ಕಾಕ ಅದರ ಮೇಲೆ ಕೈಯಿಟ್ಟು ಬಲೆ ಎಷ್ಟು ಸುತ್ತು, ಸಿಮೆಂಟಿಗೆ ಮರಳು ಎಷ್ಟು ಅಂತ ನಿನ್ನೆ ಕಟ್ಟಿದ ಹಾಗೆ ಹೇಳಿದರು. ನಾನು ಮೊಬೈಲಿನಲ್ಲಿ ಅಮೆರಿಕದ ಬಾತುಕೋಳಿಯ ಫೋಟೋ ತೋರಿಸಿದೆ. ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲ್ಯಾಂಡಿನಲ್ಲಿ ಬಾತುಕೋಳಿ ಸಾಕುವವನೊಬ್ಬ 1931ರಲ್ಲಿ ಕಟ್ಟಿಸಿದ ಬಾತುಕೋಳಿ ಆಕಾರದ ಅಂಗಡಿ. ಮಾರುತ್ತಿದ್ದದ್ದೂ ಬಾತುಕೋಳಿ ಮತ್ತು ಮೊಟ್ಟೆ. 20 ಅಡಿ ಎತ್ತರ, ಕಣ್ಣಿಗೆ ಫೋರ್ಡ್ ಕಾರಿನ ಹಿಂಬದಿಯ ದೀಪಗಳು. ಒಳಗೆ ಮರದ ಚೌಕಟ್ಟು, ಅದಕ್ಕೆ ತಂತಿ ಬಲೆ, ಮೇಲೆ ಸಿಮೆಂಟ್. ಕಾಕ ಬಗ್ಗಿ ನೋಡಿ "ನಾನು ಮಾಡಿದ್ದೂ ಇದೇ ಅಲ್ವಾ ಮೋನೇ" ಎಂದರು. ಹೌದು, ಇದೇ. ಇಲ್ಲಿ ಬೊಂಡ, ಅಲ್ಲಿ ಬಾತುಕೋಳಿ.

ರಾತ್ರಿ ಊಟ ಮಾಡಿ ಇದರ ಬಗ್ಗೆಯೇ ಓದುತ್ತಾ ಕೂತೆ. ಆ ಬಾತುಕೋಳಿ ಕಟ್ಟಿದ ಜಾಗದಲ್ಲೇ ಇರಲಿಲ್ಲ, ಒಂದಕ್ಕಿಂತ ಜಾಸ್ತಿ ಸಲ ಎತ್ತಿಕೊಂಡು ಹೋಗಿ ಬೇರೆ ಕಡೆ ಇಟ್ಟಿದ್ದಾರೆ. ನ್ಯೂಜೆರ್ಸಿಯಲ್ಲಿ ಲೂಸಿ ಅಂತ ಆನೆಯ ಆಕಾರದ ಕಟ್ಟಡ ಇದೆ, 1881ರದ್ದು, ಮರದ ಮೇಲೆ ತಗಡು ಹೊದಿಸಿದ್ದು, ಆರು ಅಂತಸ್ತಿನಷ್ಟು ಎತ್ತರ. 1970ರಲ್ಲಿ ಇನ್ನೇನು ಒಡೆದು ಹಾಕುತ್ತಾರೆ ಅನ್ನುವಾಗ ಊರಿನವರು ದುಡ್ಡು ಕೂಡಿಸಿ ಹತ್ತಿರದ ಜಾಗಕ್ಕೆ ಸಾಗಿಸಿದರು. ನನ್ನನ್ನು ಎಲ್ಲಕ್ಕಿಂತ ಹಿಡಿದು ನಿಲ್ಲಿಸಿದ್ದು ಆಸ್ಟ್ರೇಲಿಯಾದ ಗೋಲ್ಬರ್ನ್ ಊರಿನ ಕುರಿ. 15 ಮೀಟರ್ ಎತ್ತರದ ಕಾಂಕ್ರೀಟ್ ಕುರಿ, 1985ರದ್ದು. ಆಮೇಲೆ ಬೈಪಾಸ್ ಆಯಿತು, ಕಾರುಗಳು ಊರೊಳಗೆ ಬರುವುದು ನಿಂತಿತು, ಕುರಿ ನೋಡುವವರು ಕಡಿಮೆಯಾದರು. 2007ರಲ್ಲಿ ಸುಮಾರು 97 ಟನ್ ತೂಕದ ಆ ಕುರಿಯನ್ನು ಹೊಸ ಹೈವೇಯ ಹತ್ತಿರಕ್ಕೆ, ಸುಮಾರು 800 ಮೀಟರ್ ದೂರ, ಸಾಗಿಸಿದರು.

97 ಟನ್. ನಮ್ಮ ಟೊಪ್ಪಿಯನ್ನು ಆರು ಜನ ಎತ್ತಿದ್ದಾರೆ.

ಓದಿ ಮುಗಿದದ್ದೇ ಕಾಕನಿಗೆ ಫೋನ್ ಮಾಡಿದೆ. ಅವರ ಮಗ ಈಗ ಸರ್ವಿಸ್ ರೋಡಿನ ಪಕ್ಕ ತಮ್ಮದೇ ಜಾಗದಲ್ಲಿ ನೀಲಿ ಟರ್ಪಾಲು ಕಟ್ಟಿ ಬೊಂಡ ಮಾರುತ್ತಾನೆ. ಟರ್ಪಾಲಿನ ಬದಲು ನಾಲ್ಕು ಕಂಬ ನೆಟ್ಟು ಟೊಪ್ಪಿ ಕೂರಿಸಿದರೆ? ಅಡ್ಡ 6 ಅಡಿ ಇದೆ, ಮಧ್ಯಾಹ್ನ ಹುಡುಗ ಸುಮ್ನೆ ಟೇಪ್ ಹಿಡಿದು ಅಳೆದಿದ್ದ. ಕಾಕ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಕೋಳಿಗಳಿಗೆ ಎಂತ ಮಾಡುವುದು?" ಎಂದರು.

ಹೊಸ ಗೂಡು ನಾನು ಮಾಡಿಸಿ ಕೊಡುತ್ತೇನೆ ಎಂದೆ. ಬುಧವಾರಕ್ಕೆ ಪಿಕಪ್ ಹೇಳಿಯಾಗಿದೆ. ಹಸಿರು ಬಣ್ಣ ನಾಳೆ ಉಪ್ಪಳದಲ್ಲೇ ತೆಗೆದುಕೊಳ್ಳಬೇಕು, ತುದಿಗೆ ಒಂದು ಚಿಕ್ಕ ಡಬ್ಬ ಬಿಳಿ.